ಗ್ರಾಮಭಾರತದ ಸಂಗ್ರಹ ‘ಪರಿ’: ಒಂದು ವಿಮರ್ಶೆ

ದಿನಪತ್ರಿಕೆಯ ಆಯುಷ್ಯ ಒಂದೇ ದಿನದ್ದು. ಇಂದು ಅಚ್ಚಾದ ಬರವಣಿಗೆ ನಾಳೆ ಅಂಗಡಿಯ ಪೊಟ್ಟಣವಾಗುವುದು ಲೋಕರೂಢಿ. ನಗರದ ಸುದ್ದಿಗೇ ಈ ಗತಿಯಾದರೆ, ಅಚ್ಚಿನ ಮುಖವನ್ನು ಅಪರೂಪವಾಗಿ ಕಾಣುವ ಹಳ್ಳಿಯ ಬಾಳಿನ ಪಾಡೇನು? ಈ ಪ್ರಶ್ನೆಗೆ ಉತ್ತರವೆಂಬಂತೆ ಪತ್ರಕರ್ತ ಪಿ. ಸಾಯಿನಾಥರು ೨೦೧೪ರ ಡಿಸೆಂಬರಿನಲ್ಲಿ ಅಂತರ್ಜಾಲದ ಮೇಲೆ ಒಂದು ಸಂಗ್ರಹವನ್ನು ತೆರೆದರು. ‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ ಎಂಬುದು ಅದರ ಪೂರ್ಣನಾಮ. ಮೊದಲಕ್ಷರಗಳಿಂದಾದ ‘ಪರಿ’ ಎಂಬ ಹ್ರಸ್ವನಾಮ ಕನ್ನಡದ ಕಿವಿಗೆ ಹೊಸದಲ್ಲ. ಬಗೆ, ರೀತಿ ಎಂಬ ಅರ್ಥದ ಹಳೆಯ ಮಾತೇ ಅದು. ಹಳ್ಳಿಗರು ಬಾಳುವ ಪರಿಯನ್ನು ಈ ಸಂಗ್ರಹ ಯಾವ ಪರಿಯಲ್ಲಿ ಹಿಡಿದಿಟ್ಟಿದೆ ಎಂಬುದು ಪರಿಶೀಲನಾರ್ಹವಾಗಿದೆ.

ಸಾಯಿನಾಥರು ಕನ್ನಡ ವಾಚಕರಿಗೆ ಅಪರಿಚಿತರಲ್ಲ. ಬಡ ಜಿಲ್ಲೆಗಳಲ್ಲಿ ಅಲೆದು ಅವರು ಬರೆದು, ೧೯೯೬ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವನ್ನು ಜಿ. ಎನ್. ಮೋಹನರು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದಾರೆ. ೨೦೦೭ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರಿಗೆ ಸಂದಿತು. ಒಬ್ಬ ವರದಿಗಾರನ ಕಾಲ್ನಡಿಗೆಗೆ ದಕ್ಕಿದ್ದನ್ನು ಅನೇಕರ ಕೈಯಿಂದ ವಿಸ್ತರಿಸಿದ ಕೆಲಸವೇ ‘ಪರಿ’. ೨೦೧೧ರ ಜನಗಣತಿಯಂತೆ ಭಾರತದ ಹಳ್ಳಿಗಳಲ್ಲಿ ಸುಮಾರು ೮೩ ಕೋಟಿ ಜನರಿದ್ದರು. ಅವರ ದುಡಿಮೆ, ಕಸುಬು, ಹಾಡು, ಸಾಲ, ವಲಸೆ ಇವೆಲ್ಲ ಇಲ್ಲಿ ವಸ್ತುವಾಗಿವೆ. ಸುದ್ದಿಯ ಬೆಲೆ ಘಟನೆಯಲ್ಲಿದೆ ಎಂಬುದು ವೃತ್ತಿಯ ನಂಬಿಕೆ. ನಿತ್ಯದ ಬಾಳಿನಲ್ಲಿಯೂ ಇದೆ ಎಂಬುದು ‘ಪರಿ’ಯ ನಿಲುವು. ಈ ನಿಲುವೇ ಅದರ ಮೊದಲ ಹಿರಿಮೆ.

ಎರಡನೆಯ ಹಿರಿಮೆ ಮುಕ್ತತೆ. ಇಲ್ಲಿ ಓದುವುದಕ್ಕೆ ಶುಲ್ಕವಿಲ್ಲ. ಪುಟಗಳ ನಡುವೆ ಜಾಹೀರಾತಿಲ್ಲ. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗದ ವರದಿಗಳಂತಹ, ಜನರ ಹಣದಿಂದ ಸಿದ್ಧವಾದ ದಾಖಲೆಗಳು ಜನರ ಕೈಗೆ ಸಿಗುವಂತೆ ಇದರ ಗ್ರಂಥಾಲಯದಲ್ಲಿವೆ. ಆದರೆ ಸಂಗ್ರಹಕಾರನು ಬಾಗಿಲು ತೆರೆದರಷ್ಟೆ ಸಾಲದು, ದಾರಿಯೂ ತೆರೆದಿರಬೇಕು. ಕೆಲವು ತಾಣಗಳನ್ನಷ್ಟೆ ಉಚಿತವಾಗಿ ಒದಗಿಸುವ ‘ಫ್ರೀ ಬೇಸಿಕ್ಸ್’ ಯೋಜನೆ ೨೦೧೫ರಲ್ಲಿ ದೇಶದಲ್ಲಿ ದೊಡ್ಡ ವಾದವನ್ನೆಬ್ಬಿಸಿತು. ೨೦೧೬ರ ಫೆಬ್ರವರಿ ೮ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಓದುವ ವಸ್ತುವಿಗೆ ತಕ್ಕಂತೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಧನಬಲವಿಲ್ಲದ ಸ್ವತಂತ್ರ ಪತ್ರಿಕಾಕಾರ್ಯಕ್ಕೆ ಈ ಸಮದಾರಿಯೇ ಆಧಾರ.

ಬೆಲೆಯ ಬಾಗಿಲು ತೆರೆಯಿತು, ದಾರಿಯ ಬಾಗಿಲೂ ತೆರೆಯಿತು. ಮೂರನೆಯದೊಂದಿದೆ: ಅದು ನುಡಿಯ ಬಾಗಿಲು. ‘ಪರಿ’ಯ ಬಲವೂ ಕೊರತೆಯೂ ಒಟ್ಟಿಗೆ ಕಾಣುವುದು ಇಲ್ಲಿಯೇ.

ಬಲಕ್ಕೆ ನಿದರ್ಶನ, ಬೀಸುವ ಕಲ್ಲಿನ ಹಾಡುಗಳ ಸಂಚಯ. ಪುಣೆಯ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತ್ವಾಂ ಅವರು ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿ ಕೂಡಿಸಿದ್ದ ಮರಾಠಿ ಹಾಡುಗಳನ್ನು ‘ಪರಿ’ ೨೦೧೭ರಿಂದ ಪ್ರಕಟಿಸತೊಡಗಿತು. ಹಾಡಿನ ಮಾತಿನೊಡನೆ ಹಾಡಿದವಳ ಹೆಸರು, ಊರು ಬರುತ್ತವೆ. ಎಷ್ಟೋ ಕಡೆ ಅವಳ ಕೊರಳೂ ಕೇಳುತ್ತದೆ. ಕನ್ನಡದಲ್ಲಿಯೂ ಇಂತಹ ಕಾರ್ಯ ಮೊದಲೇ ನಡೆದಿತ್ತು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ೧೯೩೦ರ ದಶಕದಲ್ಲಿ ಹೊರತಂದ ‘ಗರತಿಯ ಹಾಡು’ ತ್ರಿಪದಿಯನ್ನು ಹೆಂಗಳೆಯರ ಬಾಯಿಂದ ಅಚ್ಚಿಗೆ ತಂದಿತು. ಅಚ್ಚು ಮಾತನ್ನು ಉಳಿಸಿತು; ದನಿಯನ್ನು ಉಳಿಸುವ ಶಕ್ತಿ ಅದಕ್ಕಿರಲಿಲ್ಲ. ಆ ಶಕ್ತಿ ಈಗ ಬಂದಿದೆ.

ಕೊರತೆ ವರದಿಗಳಲ್ಲಿದೆ. ಹತ್ತಕ್ಕೂ ಮಿಕ್ಕ ಭಾರತೀಯ ಭಾಷೆಗಳಲ್ಲಿ ಪ್ರಕಟವಾದ ‘ಪರಿ’ಗೆ ಕನ್ನಡದ ಪುಟಗಳೂ ಇವೆ. ಆದರೆ ಕರ್ನಾಟಕದ ಎಷ್ಟೋ ವರದಿಗಳು ಮೊದಲು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ಅನಂತರ ಕನ್ನಡವಾದವು. ರೈತನೊಬ್ಬ ತನ್ನ ಸೀಮೆಯ ಕನ್ನಡದಲ್ಲಿ ಆಡಿದ ಮಾತು ಇಂಗ್ಲಿಷಿಗೆ ಹೋಗಿ, ಗ್ರಂಥಸ್ಥ ಕನ್ನಡವಾಗಿ ತವರಿಗೆ ಮರಳುತ್ತದೆ. ಅರ್ಥ ಉಳಿದೀತು, ನುಡಿಗಟ್ಟು, ಒರಟು, ವ್ಯಂಗ್ಯ ದಾರಿಯಲ್ಲೆಲ್ಲೋ ಸೋರಿಹೋಗುತ್ತವೆ. ತನ್ನ ಮಾತನ್ನು ತಾನೇ ಗುರುತಿಸಲಾರದ ರೈತನಿಗೆ ಆ ಬರಹ ತನ್ನದೆಂದು ಅನ್ನಿಸೀತೆ? ಇದು ಅನುವಾದಕರ ದೋಷವಲ್ಲ; ಅವರ ಶ್ರಮ ಸ್ತುತ್ಯವೇ ಆಗಿದೆ. ಇಷ್ಟು ಭಾಷೆಗಳನ್ನು ಕೂಡಿಸಲು ನಡುವೆ ಒಂದು ಸೇತುವೆ ಬೇಕೆಂಬುದೂ ನಿಜ. ಆದರೆ ಸೇತುವೆಯನ್ನು ದಾಟುವ ಮೊದಲು ಆಡಿದ ಮಾತು ದಡದಲ್ಲಿಯೇ ಕಳೆದುಹೋಗಬೇಕಾಗಿಲ್ಲ.

ಪರಿಹಾರಕ್ಕಾಗಿ ‘ಪರಿ’ ದೂರ ಹೋಗಬೇಕಾದುದಿಲ್ಲ. ಬೀಸುವ ಹಾಡಿಗೆ ಸಲ್ಲಿಸಿದ ಗೌರವವನ್ನೇ ವರದಿಯ ಮಾತಿಗೂ ಸಲ್ಲಿಸಬಹುದು. ಕನ್ನಡಿಗನ ಮೂಲ ನುಡಿಯನ್ನು, ಕನಿಷ್ಠ ಅವನ ದನಿಯನ್ನಾದರೂ, ಅನುವಾದದ ಪಕ್ಕದಲ್ಲಿಯೇ ಇಡಬಹುದು. ಪತ್ರಿಕೆಗೆ ಅದು ಅಲಂಕಾರವೆನಿಸೀತು. ಸಂಗ್ರಹಕ್ಕೆ ಅದೇ ಧರ್ಮ. ನೂರು ವರ್ಷಗಳ ಮೇಲೆ ಇದನ್ನು ತೆರೆಯುವವನು ಹಳ್ಳಿಗರು ಹೇಗೆ ಬಾಳಿದರು ಎಂದಷ್ಟೇ ಕೇಳಲಾರ. ಹೇಗೆ ಮಾತನಾಡಿದರು ಎಂದೂ ಕೇಳುತ್ತಾನೆ.