ಊಟದಿಂದ ಹುಟ್ಟಿದ ಆಟ

ರಜೆ ಬಂತೆಂದರೆ ಊರಿಗೆ ಹೊರಡುವುದು, ಇಲ್ಲವೇ ಮನೆಯಲ್ಲಿ ಮಲಗುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ ಎಂಬುದು ಅಹಮದಾಬಾದಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ ನಮಗೆ ಹೊಳೆಯಿತು. ಕಳೆದ ಗಣರಾಜ್ಯ ದಿನದಂದು ಕಚೇರಿಯ ಧ್ವಜವಂದನೆ ಮುಗಿದ ಮೇಲೆ ದಂಪತಿಗಳಿಬ್ಬರೂ ಊರು ನೋಡಲು ಹೊರಟೆವು. ಮೊದಲು ಅಡಾಲಜದ ಬಾವಿ, ಆಮೇಲೆ ಊಟ, ಸಂಜೆ ಭವಾಯಿ ಶೈಲಿಯ ಒಂದು ಗುಜರಾತಿ ನಾಟಕ. ಬರೆಯಬೇಕೆಂದಿರುವುದು ನಾಟಕದ ಬಗ್ಗೆಯೇ. ಆದರೆ ಊಟವನ್ನು ಬಿಟ್ಟು ಅದನ್ನು ಹೇಳಲು ಬರುವಂತಿಲ್ಲ.

ಅಡಾಲಜ ಊರಿನ ಉತ್ತರಕ್ಕೆ ಸುಮಾರು 18 ಕಿ.ಮೀ. ದೂರ. 1499ರಲ್ಲಿ ರಾಣಿ ರುಡಾಬಾಯಿ ಕಟ್ಟಿಸಿದ ಐದು ಅಂತಸ್ತಿನ ಬಾವಿ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ಕಂಡವರಿಗೆ ಮೆಟ್ಟಿಲುಬಾವಿ ಹೊಸದಲ್ಲ. ಇಲ್ಲಿ ಮನಸೆಳೆಯುವುದು ಕೆತ್ತನೆ. ದೇವಾಲಯದ ಶಿಲ್ಪವೂ ಮಸೀದಿಯ ಬಳ್ಳಿ ಚಿತ್ತಾರವೂ ಒಂದೇ ಬಾವಿಯಲ್ಲಿ ಜಗಳವಿಲ್ಲದೆ ಕೂಡಿವೆ.

ಮಧ್ಯಾಹ್ನ ಥಾಳಿ ಊಟ. ಚಳಿಗಾಲವಾದ್ದರಿಂದ ಉಂಧಿಯು ಇತ್ತು. "ದಾಳಿಗೆ ಬೆಲ್ಲ ಹಾಕುತ್ತಾರೆ" ಎಂದು ಇಷ್ಟು ವರ್ಷ ಗೊಣಗಿದ ನಾವು, ನಮ್ಮ ಮನೆಯ ಸಾರಿಗೂ ಒಂದು ಚೂರು ಬೆಲ್ಲ ಬೀಳುವುದನ್ನು ಅಂದು ಒಪ್ಪಿಕೊಂಡೆವು.

ಇನ್ನು ನಾಟಕ. ಭವಾಯಿಯ ಮೂಲಪುರುಷ ಹದಿನಾಲ್ಕನೆಯ ಶತಮಾನದ ಅಸಾಯಿತ ಠಾಕರ, ಉಂಝಾದ ಬ್ರಾಹ್ಮಣ. ಊರ ಹೇಮಾ ಪಟೇಲನ ಮಗಳು ಗಂಗಾಳನ್ನು ಸುಲ್ತಾನರ ಸರದಾರನೊಬ್ಬ ಹೊತ್ತೊಯ್ದನಂತೆ. ಅಸಾಯಿತ ಹೋಗಿ, ಈಕೆ ನನ್ನ ಮಗಳು ಎಂದ. ಹಾಗಾದರೆ ಅವಳ ಜೊತೆ ಊಟ ಮಾಡಿ ತೋರಿಸು ಎಂದ ಸರದಾರ. ಅಸಾಯಿತ ಕುಳಿತು ಉಂಡ, ಹುಡುಗಿ ಬಿಡುಗಡೆಯಾದಳು. ಬೇರೆ ಜಾತಿಯವಳೊಡನೆ ಉಂಡನೆಂದು ಅವನ ಜನ ಅವನನ್ನು ಜಾತಿಯಿಂದ ಹೊರಗಿಟ್ಟರು. ಹೊಟ್ಟೆಪಾಡಿಗೆ ಅವನು ಮಕ್ಕಳೊಡನೆ ಊರೂರು ತಿರುಗಿ ಆಡಿದ ಆಟವೇ ಭವಾಯಿ ಎಂಬುದು ಐತಿಹ್ಯ. ಅವನು 360 ವೇಷಗಳನ್ನು ರಚಿಸಿದನೆಂದೂ ಹೇಳುತ್ತಾರೆ.

ನಾವು ನೋಡಿದ ನಾಟಕ ಈ ಕಥೆಗೆ ಹಳೆಯ ವೇಷಗಳನ್ನು ಪೋಣಿಸಿದ್ದು. ಹವ್ಯಾಸಿಗಳ ತಂಡ. ಭೂಂಗಳ ಎಂಬ ತಾಮ್ರದ ಉದ್ದ ಕಹಳೆ ಮೊಳಗಿದಾಗ ಮೈ ನವಿರೆದ್ದಿತು. ಮುಖಕ್ಕೆ ತಟ್ಟೆ ಹಿಡಿದು ಗಣಪತಿ ಕುಣಿದು ಹೋದಾಗ ನಮ್ಮ ಯಕ್ಷಗಾನದ ಪೂರ್ವರಂಗ ನೆನಪಾಯಿತು. ರಂಗಲೋ ನಮ್ಮ ಹಾಸ್ಯಗಾರನ ಅಣ್ಣತಮ್ಮನೇ ಸರಿ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು 'ಕಜೋಡಾ' ವೇಷ. ಬೆಳೆದ ಹೆಣ್ಣು ತನ್ನ ಪುಟ್ಟ ಗಂಡನನ್ನು ಕಂಕುಳಲ್ಲೆತ್ತಿಕೊಂಡು ಬಂದಾಗ ಸಭೆ ನಕ್ಕಿತು. ಅವಳು ಹಾಡತೊಡಗಿದ ಮೇಲೆ ಯಾರೂ ನಗಲಿಲ್ಲ.

ಕೊರತೆಯನ್ನೂ ಹೇಳಬೇಕು. ಇಡೀ ಕಥೆಯ ಜೀವವಾದ ಊಟದ ದೃಶ್ಯ ಒಂದು ನಿಮಿಷದಲ್ಲಿ ಮುಗಿಯಿತು. ಅಸಾಯಿತ ಕೈ ಬಾಯಿಗಿಡುವಷ್ಟರಲ್ಲಿ ರಂಗಲೋ ಬಂದು ಮೊಬೈಲಿನ ಮೇಲೊಂದು, ಅತ್ತೆಯ ಮೇಲೊಂದು ನಗೆಹನಿ ಸಿಡಿಸಿದ. ಆ ಒಂದು ತುತ್ತಿನ ಭಾರವೇ ನಮಗೆ ತಿಳಿಯಲಿಲ್ಲ. ಜಾತಿಯವರು ಬಾಗಿಲು ಹಾಕಿಕೊಂಡದ್ದಂತೂ ಬರಿಯ ಎರಡು ಸಾಲಿನ ನಿರೂಪಣೆ. ಸರದಾರನ ದುಷ್ಟತನಕ್ಕೆ ಮಾತ್ರ ಬೇಕಾದಷ್ಟು ಹೊತ್ತು! ಹೊರಗಿನವನ ಅನ್ಯಾಯವನ್ನು ತೋರಿಸುವುದು ಸುಲಭ. ತಮ್ಮವರದ್ದನ್ನು ತೋರಿಸಲು ಧೈರ್ಯ ಬೇಕು. ಆ ಧೈರ್ಯ ಅಸಾಯಿತನಿಗಿತ್ತು, ಅವನ ಹೆಸರಿನ ನಾಟಕಕ್ಕೆ ಇರಲಿಲ್ಲ.

ಬಸ್ಸಿನಲ್ಲಿ ಮನೆಗೆ ಬರುತ್ತಾ ನಮ್ಮಾಕೆ, "ಹುಡುಗಿಯನ್ನು ಬಿಟ್ಟವನು ಸರದಾರ, ಅವನನ್ನು ಬಿಟ್ಟವರು ಅವನ ಜನ. ಇದನ್ನೇ ಅಲ್ಲವೇನ್ರೀ ಅವರು ಆಡಬೇಕಾಗಿದ್ದುದು?" ಎಂದಳು. ನಮ್ಮ ವಿಮರ್ಶೆಯೆಲ್ಲ ಆ ಮಾತಿನಲ್ಲೇ ಇದೆ.

ಆದರೆ ಪರರ ನಾಟಕಕ್ಕೆ ಬೆರಳು ತೋರಿಸಿ ಸುಮ್ಮನಿದ್ದರೆ ಆಗದು. ಪರನಾಡಿನಲ್ಲಿ ಕನ್ನಡ ಮಾತು ಕಿವಿಗೆ ಬಿದ್ದರೆ ನಾವು ಓಡಿಹೋಗಿ ಕೈ ಕುಲುಕುತ್ತೇವೆ, "ಯಾವ ಊರು?" ಎನ್ನುತ್ತೇವೆ, ಮೂರನೆಯ ಪ್ರಶ್ನೆ, ಸ್ವಲ್ಪ ದನಿ ತಗ್ಗಿಸಿ, "ಯಾವ ಪೈಕಿ?" ನಾವೂ ಕೇಳಿದ್ದೇವೆ, ಉತ್ತರ ಕೇಳಿದ ಮೇಲೆ ಮನೆಗೆ ಕರೆಯುವುದನ್ನು ಮುಂದೂಡಿದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇವೆ.

ನಮ್ಮಲ್ಲಿ ಇಂಥ ವಸ್ತುವಿಗೆ ಬರವಿಲ್ಲ. ಕಲ್ಯಾಣದ ಶರಣರು ಜಾತಿ ಮೀರಿ ಮಾಡಿಸಿದ ಮದುವೆ ಮತ್ತು ಅದಕ್ಕೆ ತೆತ್ತ ಬೆಲೆಯನ್ನು ಗಿರೀಶ ಕಾರ್ನಾಡರು 1990ರ 'ತಲೆದಂಡ'ದಲ್ಲಿ ಬರೆದಿದ್ದಾರೆ. ರಾಜ್ಯೋತ್ಸವಕ್ಕೆ ಪ್ರತಿಸಲವೂ ನಗೆನಾಟಕವನ್ನೇ ಆರಿಸುವ ನಾವು ಒಂದು ವರ್ಷವಾದರೂ ಅದರ ಕೆಲವು ದೃಶ್ಯಗಳನ್ನು ಕೈಗೆತ್ತಿಕೊಳ್ಳಬಾರದೇಕೆ? ವಡೋದರಾ, ಸೂರತ್‌ಗಳ ಬಾಂಧವರೂ ಕೈ ಜೋಡಿಸಿದರೆ ಪಾತ್ರಗಳಿಗೆ ಕೊರತೆಯಾಗದು. ನಾಟಕ ಮುಗಿದ ಮೇಲೆ ಹೇಗೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತೇವೆ. ಆ ಪಂಕ್ತಿಯನ್ನು ನಮ್ಮ ನಮ್ಮ ಮನೆಯ ಅಡಿಗೆಮನೆಯವರೆಗೂ ಬೆಳೆಸುವ ಕೆಲಸ ಮಾತ್ರ ಬಾಕಿ ಇದೆ.