ರಾಶಿಯ ಹೊತ್ತಿಗೆ ಬರುವ ತೊಗರಿ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಎರೆಹೊಲಗಳ ಅಡಿಯಲ್ಲಿ ಸುಣ್ಣದ ಕಲ್ಲು ಮಲಗಿದೆ. ಅದೇ ಕಲ್ಲು ವಾಡಿಯಲ್ಲೂ ಮಳಖೇಡದಲ್ಲೂ ಸಿಮೆಂಟಾಗುತ್ತದೆ, ಶಹಾಬಾದಿನ ಖಣಿಗಳಲ್ಲಿ ಹಾಸುಗಲ್ಲಾಗಿ ಏಳುತ್ತದೆ. ಮೇಲಿನ ಮಣ್ಣಿನಲ್ಲಿ ಬೆಳೆಯುವುದು ತೊಗರಿ. 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಬೇಳೆಯ ರುಚಿಗೂ ಬೇಗ ಬೇಯುವ ಗುಣಕ್ಕೂ ಹೇಳುವ ಕಾರಣಗಳಲ್ಲಿ ಈ ಮಣ್ಣಿನ ಸುಣ್ಣದಂಶವೂ ಒಂದು. ನೆಲ ಒಂದೇ ಆದರೂ ಈ ಮೂರು ಸರಕುಗಳ ಹಣೆಬರಹ ಒಂದೇ ಅಲ್ಲ. ಸಿಮೆಂಟಿಗೆ ಅದರ ಭಾರವೇ ಕೋಟೆ. ಸಾಗಣೆ ಖರ್ಚು ಹೊತ್ತು ವಿದೇಶಿ ಸಿಮೆಂಟು ಇಲ್ಲಿಯ ತನಕ ಬಂದು ಸೆಣಸಲಾರದು. ಪರಸಿ ಎನ್ನುವ ಹಾಸುಗಲ್ಲಿಗೆ ಪೆಟ್ಟು ಬಿದ್ದದ್ದು ಗುಜರಾತಿನ ಟೈಲ್ಸಿನಿಂದ. ಬರ್ಮಾ, ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಿಗೆ ನೇರ ಎದುರಾಗಿ ನಿಂತಿರುವುದು ತೊಗರಿ ಮಾತ್ರ. ತಲಾದಾಯದಲ್ಲಿ ರಾಜ್ಯದ ಕಟ್ಟಕಡೆಯ ಸಾಲಿನಲ್ಲಿರುವ ಜಿಲ್ಲೆ ಇದು. ಹೊರದೇಶದ ವ್ಯಾಪಾರ ಬಡವರನ್ನು ಮೇಲೆತ್ತುತ್ತದೆಯೇ ಎಂದು ಇಲ್ಲಿ ಕೇಳುವುದಾದರೆ ತೊಗರಿಯ ಆಮದು ನೀತಿಯನ್ನೇ ಒರೆಗೆ ಹಚ್ಚಬೇಕು.

ಬೇಳೆಕಾಳುಗಳ ರಫ್ತನ್ನು ಕೇಂದ್ರ ಸರ್ಕಾರ 2006ರಲ್ಲಿ ನಿಷೇಧಿಸಿತು. ತೊಗರಿಯ ಮಟ್ಟಿಗೆ ಅದು ತೆರವಾದದ್ದು 2017ರ ಸೆಪ್ಟೆಂಬರಿನಲ್ಲಿ. ಕೊನೆಯ ಕೆಲವು ತಿಂಗಳು ಬಿಟ್ಟರೆ ಅಷ್ಟೂ ವರ್ಷ ಆಮದಿಗೆ ಅಡ್ಡಿ ಇರಲಿಲ್ಲ. ಅಂದರೆ ಬಾಗಿಲು ಒಳಮುಖವಾಗಿ ಮಾತ್ರ ತೆರೆಯುತ್ತಿತ್ತು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ದೆಹಲಿ ಗಾಬರಿಬಿತ್ತು. 2016ರ ಜುಲೈನಲ್ಲಿ ಮೊಜಾಂಬಿಕ್ ಜತೆ ಒಪ್ಪಂದವಾಗಿ, ವರ್ಷಕ್ಕೆ 1 ಲಕ್ಷ ಟನ್ ಇದ್ದ ಬೇಳೆಕಾಳಿನ ಆಮದನ್ನು ಹಂತಹಂತವಾಗಿ 2 ಲಕ್ಷ ಟನ್ನಿಗೆ ಏರಿಸುವುದೆಂದು ನಿಶ್ಚಯವಾಯಿತು. ಅದೇ ಮುಂಗಾರಿನಲ್ಲಿ ಹಿಂದಿನ ವರ್ಷದ ಧಾರಣೆ ನಂಬಿ ಇಲ್ಲಿಯ ರೈತರೂ ಬಿತ್ತಿದರು, ಮಳೆ ಕೈಹಿಡಿಯಿತು, ದೇಶದ ಫಸಲು ಹೆಚ್ಚೂಕಮ್ಮಿ ಇಮ್ಮಡಿಸಿ 48 ಲಕ್ಷ ಟನ್ ಮೀರಿತು. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಪೇಟೆಯಲ್ಲಿ ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. ಶೇ. 10ರ ಆಮದು ಸುಂಕ ಬಂದದ್ದು 2017ರ ಮಾರ್ಚ್ ಕೊನೆಗೆ, ಆಮದಿಗೆ 2 ಲಕ್ಷ ಟನ್ನಿನ ಮಿತಿ ಆಗಸ್ಟಿನಲ್ಲಿ, ರಫ್ತಿಗೆ ಅನುಮತಿ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಸಣ್ಣ ರೈತನ ಮಾಲು ಅಡತಿ ಅಂಗಡಿ ದಾಟಿ ಎಷ್ಟೋ ತಿಂಗಳಾಗಿತ್ತು.

ನೀತಿಯ ದೋಷ ಇರುವುದು ಇಲ್ಲಿ, ಈ ತಾರೀಖುಗಳಲ್ಲಿ. ಆಮದು ಎಂಬ ಕ್ರಿಯೆಯೇ ತಪ್ಪಲ್ಲ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೆ ಇಲ್ಲಿ ತೊಗರಿ ರಾಶಿಯ ಗಡಿಬಿಡಿ. ಬೀಜ, ಔಷಧಿ, ಕೊಯ್ಲಿನ ಕೂಲಿ ಎಲ್ಲ ಸಾಲದ ಮೇಲೆಯೇ ನಡೆದಿರುವುದರಿಂದ ಜನವರಿ, ಫೆಬ್ರುವರಿಯೊಳಗೆ ಚೀಲಗಳು ಪೇಟೆ ಸೇರಲೇಬೇಕು. ಪೂರ್ವ ಆಫ್ರಿಕಾದ ತೊಗರಿ ಕೊಯ್ಲಿಗೆ ಬರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ನಮ್ಮ ಕಣಜ ಬರಿದಾಗಿ ಬೇಳೆ ತುಟ್ಟಿಯಾಗುವ ಕಾಲ ಅದು. ಆಗ ಬಂದ ಮಾಲಿನಿಂದ ಉಣ್ಣುವವನಿಗೂ ದಾಲ್‌ಮಿಲ್ಲಿಗೂ ಅನುಕೂಲವೇ. ಬರ್ಮಾದ್ದು ಹಾಗಲ್ಲ. ವ್ಯಾಪಾರಿಗಳು ‘ಲೆಮನ್’ ಎಂದು ಕರೆಯುವ ಆ ತೊಗರಿಯ ಹಂಗಾಮು ನಮ್ಮದರ ಬೆನ್ನಿಗೇ ಇದೆ. ಇಲ್ಲಿ ಚೀಲ ಬಿಚ್ಚುವ ಹೊತ್ತಿಗೆ ಅಲ್ಲಿಯದೂ ಹಡಗು ಏರುತ್ತದೆ. ಎರಡೂ ಮಿಲ್ಲಿನ ಅಂಗಳದಲ್ಲಿ ಎಣ್ಣೆ ಸವರಿಸಿಕೊಂಡು, ಬಿಸಿಲಿಗೆ ಒಣಗಿ, ಹೊಟ್ಟು ಬಿಟ್ಟು, ಒಡೆದು ಬೇಳೆಯಾದ ಮೇಲೆ ಯಾವುದು ಯಾರದೆಂದು ಕೊಳ್ಳುವವರಿಗೆ ತಿಳಿಯುವುದಿಲ್ಲ. ಭೌಗೋಳಿಕ ಸೂಚಕದ ಚೀಟಿ ಅಲ್ಲಿ ಯಾವ ಕೆಲಸಕ್ಕೂ ಬಾರದು. ಈ ಎರಡು ಬಗೆಯ ಆಮದುಗಳ ನಡುವಿನ ಅಂತರವನ್ನು ಸರ್ಕಾರಿ ಆದೇಶ ಕಾಣುವುದೇ ಇಲ್ಲ. 2021ರ ಮೇ ತಿಂಗಳಲ್ಲಿ ಮತ್ತೆ ಮುಕ್ತವಾದ ಆಮದು ವರ್ಷವರ್ಷ ಮುಂದುವರಿದು, ವರ್ಷದ ಹನ್ನೆರಡೂ ತಿಂಗಳಿಗೆ ಅನ್ವಯಿಸಿತು.

‘ಬಡವರ ತಾಟಿನ ಬೇಳೆ ಅಗ್ಗವಾಗಬಾರದೇ?’ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ತೊಗರಿ ಬೆಳೆಯುವ ಮನೆಯೇ ಮಳೆಗಾಲಕ್ಕೆ ಬೇಳೆ ಕೊಳ್ಳುವುದುಂಟು. ಆದರೆ ಕೊಳ್ಳುವವರಿಗೆ ಅಗ್ಗ ಬೇಕಾದ ತಿಂಗಳು ಬೇರೆ, ಬೆಳೆದವರ ಧಾರಣೆ ಕುಸಿಯುವ ತಿಂಗಳು ಬೇರೆ. ರಾಶಿಯ ಕಾಲದಲ್ಲಿ ಸರ್ಕಾರವೇ ಬೆಂಬಲ ಬೆಲೆಗೆ ಕೊಂಡು ದಾಸ್ತಾನಿಟ್ಟು ಆಷಾಢ, ಶ್ರಾವಣದಲ್ಲಿ ಬಿಟ್ಟರೆ ಇಬ್ಬರ ಹಿತವೂ ಉಳಿಯುತ್ತದೆ. ಇನ್ನೊಂದು ಆಕ್ಷೇಪ ಇಳುವರಿಯದು: ನಮ್ಮ ಎಕರೆ ಇಳುವರಿ ಕಡಿಮೆ, ಆದ್ದರಿಂದ ಆಮದು ಅನಿವಾರ್ಯ ಎನ್ನುತ್ತಾರೆ. ಮಳೆಯನ್ನೇ ನಂಬಿದ ಹೊಲ, ಮೇಲೆ ನೆಟೆ ರೋಗ, ಗೊಡ್ಡು ರೋಗ. ಇಳುವರಿ ಕಡಿಮೆ ಎಂಬುದೇನೋ ನಿಜ. ಆದರೆ ಧಾರಣೆಯ ಭರವಸೆಯೇ ಇಲ್ಲದ ಬೆಳೆಗೆ ಯಾರು ಹಣ ಸುರಿಯುತ್ತಾರೆ? ಹತ್ತಿ, ಸೋಯಾಬೀನಿನತ್ತ ವಾಲುವುದೇ ರೈತನಿಗೆ ಜಾಣತನ ಅನಿಸುತ್ತದೆ.

ರೈತ ಸಂಘಟನೆಗಳ ಸಿದ್ಧ ಬೇಡಿಕೆ, ‘ಆಮದು ಸುಂಕ ಹಾಕಿ’ ಎಂಬುದೂ ಅರ್ಧ ದಾರಿಯದೇ. ಅತಿ ಹಿಂದುಳಿದ ದೇಶಗಳ ಸರಕಿಗೆ ಭಾರತ 2008ರಿಂದ ಸುಂಕ ವಿನಾಯಿತಿ ಕೊಡುತ್ತಿದೆ. ಬರ್ಮಾ, ಮೊಜಾಂಬಿಕ್, ಮಲಾವಿ, ತಾಂಜಾನಿಯಾ ನಾಲ್ಕೂ ಆ ಪಟ್ಟಿಯವೇ. 2017ರ ಶೇ. 10 ಅವುಗಳನ್ನು ತಾಗಲಿಲ್ಲ, ಅದಕ್ಕೇ ಆಗಸ್ಟಿನಲ್ಲಿ ಪ್ರಮಾಣದ ಮಿತಿ ಹೇರಬೇಕಾಯಿತು. ಆ ಮಿತಿಯ ಹೊಡೆತ ಬಿದ್ದದ್ದು ಇನ್ನೊಬ್ಬ ಬಡವನ ಮೇಲೆ. ತಮ್ಮೂಟಕ್ಕಿಂತ ಹೆಚ್ಚಾಗಿ ನಮ್ಮ ಪೇಟೆಗೆಂದೇ ಬಿತ್ತಿದ್ದ ಮೊಜಾಂಬಿಕಿನ ರೈತರಿಗೆ, ಒಪ್ಪಂದವಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಕೊಳ್ಳುವವರೇ ಇಲ್ಲವಾದರು. ಬಾಗಿಲು ಹಾಕಿಬಿಡಿ ಎನ್ನುವವರು ಇದನ್ನೂ ನೆನೆಯಬೇಕು. ಅಲ್ಲಿಯವರಿಗೂ ಇಲ್ಲಿಯವರಿಗೂ ಬೇಕಾದದ್ದು ಬಿತ್ತುವ ಮೊದಲೇ ಗೊತ್ತಿರುವ ನಿಯಮ: ಹೊರಗಿನ ತೊಗರಿ ಯಾವ ತಿಂಗಳಿಂದ ಯಾವ ತಿಂಗಳ ತನಕ ಬರಬಹುದು, ಎಷ್ಟು ಬರಬಹುದು, ಪೇಟೆ ಧಾರಣೆ ಬೆಂಬಲ ಬೆಲೆಗಿಂತ ಇಳಿದರೆ ಏನಾಗುತ್ತದೆ.

2025ರ ಜನವರಿಯಲ್ಲಿ, ರಾಶಿ ನಡೆದಿರುವಾಗಲೇ, ಮುಕ್ತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸಿದರು. ಹಿಂದಿನ ಹಂಗಾಮಿನಲ್ಲಿ ಹತ್ತು ಸಾವಿರ ದಾಟಿದ್ದ ಧಾರಣೆ ಆಗ 7,550ರ ಬೆಂಬಲ ಬೆಲೆಗಿಂತ ಕೆಳಗೆ ಜಾರುತ್ತಿತ್ತು. ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ 450 ರೂಪಾಯಿ ಸೇರಿಸಿ 8,000ಕ್ಕೆ ಖರೀದಿ ಮಾಡಲು ಹೊರಟಿತು. ಆಮದು ವಿಸ್ತರಣೆಯ ಆದೇಶವಾಗಿ ಎರಡು ವಾರ ಕಳೆಯುವುದರೊಳಗೆ ಕೇಂದ್ರದ ಬಜೆಟ್ಟು ತೊಗರಿ, ಉದ್ದು, ಮಸೂರದಲ್ಲಿ ಸ್ವಾವಲಂಬನೆಗೆಂದು ಆರು ವರ್ಷದ ಯೋಜನೆ ಸಾರಿತು. ಆಮದಿನ ಗಡುವಾಗಿ ಗೊತ್ತುಮಾಡಿದ ಮಾರ್ಚ್ 31 ಎಂಬ ತಾರೀಖು ತೊಗರಿಯ ಲೆಕ್ಕದ್ದಲ್ಲ, ಹಣಕಾಸು ವರ್ಷದ ಲೆಕ್ಕದ್ದು. ಈ ಸೀಮೆಯಲ್ಲಿ ಏನು ಬಿತ್ತಬೇಕೆಂಬ ನಿರ್ಧಾರ ಮಿರಗದ ಮಳೆಯ ಮುಂಚೆ, ಮೇ ತಿಂಗಳ ಬಿಸಿಲಿನಲ್ಲಿ, ಬೀಜದಂಗಡಿಯ ಮುಂದೆ ಆಗಿಹೋಗುತ್ತದೆ.