ಕಾನಿನ ಅಂಚಿನ ಹಿತ್ತಲು

ಗುಲಾಬಿಯ ಕಸಿಯನ್ನು ಕುರಿತು ಈ ವಾರ ಬರೆಯುವೆನೆಂದು ಹೇಳಿದ್ದುಂಟು. ಆದರೆ ಸೊರಬದ ಕಡೆಯ ಓದುಗರೊಬ್ಬರು, ಕಾನಿಗೆ ತಾಗಿದ ತಮ್ಮ ಹೊಸ ಮನೆಯ ಸುತ್ತ ಏನೇನು ನೆಡಬಹುದೆಂದು ಕೇಳಿ ಬರೆದ ಪತ್ರವು ಗುಲಾಬಿಯನ್ನು ಹಿಂದಕ್ಕೆ ಸರಿಸಿಬಿಟ್ಟಿದೆ. ನಿತ್ಯಹರಿದ್ವರ್ಣದ ಈ ಕಾನುಗಳನ್ನು ಮಲೆನಾಡಿನ ಜನರು ಮೆಣಸಿಗಾಗಿಯೂ ಬೈನೆಗಾಗಿಯೂ ವನದೇವತೆಯ ಮೇಲಣ ಭಯಭಕ್ತಿಗಾಗಿಯೂ ತಲೆತಲಾಂತರದಿಂದ ಕಾಯ್ದುಕೊಂಡು ಬಂದರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲಿಯೇ 171 ಕಾನುಗಳನ್ನು ಎಣಿಸಿದ್ದರು. ಅವುಗಳಲ್ಲಿ ಉಳಿದುದೊಂದರ ಮಗ್ಗುಲಲ್ಲಿ ಮನೆ ಕಟ್ಟುವವರು ತೋಟದ ನಕ್ಷೆಯನ್ನು ಹೆಬ್ಬಾಗಿಲಿನಿಂದ ಆರಂಭಿಸದೆ ಕಾನಿನ ಅಂಚಿನಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹುಲ್ಲುಹಾಸು, ಕ್ರೋಟನ್ ಮತ್ತು ಕತ್ತರಿಸಿದ ಡುರಾಂಟದ ಬೇಲಿ, ಇವಿಷ್ಟನ್ನೇ ಉದ್ಯಾನವೆಂದು ಬಗೆಯುವ ಪಂಥದೊಡನೆ ನನ್ನ ಜಗಳ ಹಳೆಯದು. ಆ ಪಂಥದವರು ತಮ್ಮ ಸಮರ್ಥನೆಗೆ ಲಾಲ್‌ಬಾಗನ್ನು ಮುಂದೊಡ್ಡುತ್ತಾರೆ. 1908ರಲ್ಲಿ ಲಾಲ್‌ಬಾಗಿನ ಆಡಳಿತವನ್ನು ವಹಿಸಿಕೊಂಡ ಕ್ರುಂಬಿಗಲ್ಲರು ದೇಶಾಂತರದ ವೃಕ್ಷಗಳಿಂದ ಬೆಂಗಳೂರಿನ ಬೀದಿಗಳನ್ನು ಸಿಂಗರಿಸಿದುದು ನಿಜವಾಗಿಯೂ ಮಹತ್ತಾದ ಕಾರ್ಯ. ಆದರೆ ಬಯಲುಸೀಮೆಯ ಆ ನಗರದ ಬೀದಿಗಳ ಬೆನ್ನಿಗೆ ಕಾನು ಇರಲಿಲ್ಲ. ಕಾನಿನ ನೆರೆಯಲ್ಲಿ ನೆಟ್ಟ ಗಿಡವು ಬೇಲಿಯೊಳಗೆ ನಿಲ್ಲುವುದಿಲ್ಲ. ಇಂದು ನಮ್ಮ ಕಾಡುಗಳನ್ನು ಉಸಿರುಕಟ್ಟಿಸುತ್ತಿರುವ ಲಂಟಾನವು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವೆಂದೇ ಬಂದಿತು. ನರ್ಸರಿಗಳಲ್ಲಿ ಈಗ ಮಾರುವ ಹಳದಿ ಹೂವಿನ ಸಿಂಗಪುರ ಡೈಸಿಯೂ, ಗೆಣ್ಣುಗೆಣ್ಣಿಗೆ ಬೇರಿಳಿಸುತ್ತಾ ತೇವದ ನೆಲವನ್ನೆಲ್ಲ ಕವಿದುಕೊಳ್ಳುವ ಅಂಥದೇ ಅತಿಥಿ.

ಹಾಗಾದರೆ ನೆಡತಕ್ಕದ್ದೇನು? ಕಾನಿನ ಅಂಚನ್ನು ಬೋಳಿಸಿದರೆ ಬೇಸಗೆಯ ಬಿಸಿಲೂ ಒಣಗಾಳಿಯೂ ಒಳನುಗ್ಗಿ, ನೆರಳು ತೇವಗಳಲ್ಲಿಯೇ ಬೆಳೆದ ಸಸಿಗಳನ್ನು ಒಣಗಿಸುತ್ತವೆ. ಆದುದರಿಂದ ಅಂಚಿನ ಪೊದೆಗಳನ್ನು ಮುಟ್ಟದೆ, ಅದಕ್ಕೆ ಹತ್ತಿ ಸುರಗಿ, ರೆಂಜ, ಮುರುಗಲು, ಉಪ್ಪಾಗೆಗಳನ್ನೂ, ಅವುಗಳ ಮುಂದೆ ಕವಳಿ ಕೇಪಳಗಳನ್ನೂ, ಬಚ್ಚಲ ನೀರು ಹರಿಯುವಲ್ಲಿ ಕೆಸು ಮತ್ತು ತಂಬುಳಿಗೆ ಒದಗುವ ಒಂದೆಲಗವನ್ನೂ ಬೆಳೆಸಿ, ಎತ್ತರವು ಕ್ರಮಕ್ರಮವಾಗಿ ಮನೆಯ ಕಡೆಗೆ ಇಳಿಯುವಂತೆ ಮಾಡಬೇಕು. ಅಡಕೆ ಒಣಗಿಸುವ ಅಂಗಳ ಮಾತ್ರ ಬಯಲಾಗಿರಲಿ. ಉದುರಿದ ದರಕನ್ನು ಗುಡಿಸಿ ಸುಡುವುದು ನನ್ನ ದೃಷ್ಟಿಯಲ್ಲಿ ಅಪರಾಧ. ಅದು ಗಿಡದ ಬುಡಕ್ಕೆ ಸಲ್ಲತಕ್ಕದ್ದು. ಉಳಿದುದನ್ನು ಕುಟ್ರುಹಕ್ಕಿಯೂ ಪಿಕಳಾರವೂ ಹಣ್ಣುಗಳನ್ನು ತಿಂದು, ಬೀಜಗಳನ್ನು ತಂದು ಬಿತ್ತಿ ಪೂರೈಸುತ್ತವೆ.

ಇದನ್ನು ಬರೆಯುತ್ತಿರುವಾಗ ಕಾಳಿದಾಸನ ಶಾಕುಂತಲವು ನೆನಪಿಗೆ ಬರುತ್ತಿದೆ. ತೋಟಗಾರರೆಲ್ಲರೂ ಅದನ್ನು ಓದಿರಬೇಕೆಂದು ಬಯಸುವವನು ನಾನು. ಮರಗಳಿಗೆ ನೀರೆರೆಯುವ ಕನ್ಯೆಯರನ್ನು ಮರೆಯಲ್ಲಿ ನಿಂತು ಕಂಡ ದುಷ್ಯಂತನು, ಉದ್ಯಾನದ ಲತೆಗಳು ವನಲತೆಗಳಿಗೆ ಸೋತುವೆಂದು ತನ್ನೊಳಗೇ ಒಪ್ಪಿಕೊಳ್ಳುತ್ತಾನೆ. ಅರಮನೆಯ ಉಪವನಗಳ ಒಡೆಯನೇ ನುಡಿದ ತೀರ್ಪದು. ಅಲ್ಲಿಯೇ ವನಜ್ಯೋತ್ಸ್ನೆಯೆಂದು ಹೆಸರಿಟ್ಟ ನವಮಾಲಿಕೆಯೊಂದು ಮಾವಿನ ಮರವನ್ನು ತಾನಾಗಿಯೇ ವರಿಸಿ ಹಬ್ಬಿದೆ. ನಾಲ್ಕನೆಯ ಅಂಕದಲ್ಲಿ ಶಕುಂತಲೆಯನ್ನು ಬೀಳ್ಕೊಡುವ ಕಣ್ವರು, ಗಿಡಗಳಿಗೆ ನೀರುಣಿಸದೆ ತಾನು ನೀರು ಕುಡಿಯದ, ಅಲಂಕಾರ ಪ್ರಿಯವಾಗಿದ್ದರೂ ಅವುಗಳ ಚಿಗುರನ್ನು ಚಿವುಟದ ಆಕೆಯ ಗಮನಕ್ಕೆ ಅನುಮತಿಯಿತ್ತು ಹರಸಬೇಕೆಂದು ತಪೋವನದ ವೃಕ್ಷಗಳನ್ನೇ ಬೇಡುತ್ತಾರೆ. ಆಶ್ರಮದ ತೋಟವು ಎಲ್ಲಿ ಮುಗಿಯಿತು, ಅರಣ್ಯವು ಎಲ್ಲಿ ಮೊದಲಾಯಿತು ಎಂದು ಈ ನಾಟಕದಲ್ಲಿ ಗೆರೆಯೆಳೆದು ತೋರಿಸಬಲ್ಲವರಾರು!

ಚಿಗುರನ್ನು ಚಿವುಟದ ಆ ಸಂಯಮವನ್ನು ಪತ್ರ ಬರೆದ ಮಿತ್ರರು ಸೀತಾಳೆ ದಂಡೆಯ ವಿಷಯದಲ್ಲಿ ವಿಶೇಷವಾಗಿ ಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ. ಹೂಗೊಂಚಲಿನ ಆಸೆಗೆ ಅದನ್ನು ಕಾನಿನ ಮರದಿಂದ ಕಿತ್ತು ತರುವವರು ಬಹಳ ಮಂದಿ. ಮಳೆಗಾಲದ ಗಾಳಿಗೆ ಮುರಿದು ತಮ್ಮ ಹಿತ್ತಲಿಗೇ ಬಿದ್ದ ಕೊಂಬೆಯಲ್ಲಿ ಅದು ದೊರೆತರೆ, ತೊಗಟೆ ಒರಟಾದ ಮಾವಿಗೋ ಹಲಸಿಗೋ, ಬೆಳಗಿನ ಎಳೆಬಿಸಿಲು ತಾಗುವ ಮಗ್ಗುಲಿಗೆ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಲಿ. ಬೇರು ತೊಗಟೆಯನ್ನು ಹಿಡಿಯುವ ಹೊತ್ತಿಗೆ ನಾರು ತಾನೇ ಕೊಳೆತು ಕಳಚುತ್ತದೆ.